ಪುಣಜನೂರಿನ ಕೆಳಗಿನ ನೀರಿನಲ್ಲಿ ಎರೆ ಹಿಡಿಯುವವರು

ಚಾಮರಾಜನಗರದಿಂದ ಸತ್ಯಮಂಗಲಕ್ಕೆ, ಅಲ್ಲಿಂದ ಮುಂದೆ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕದ ಗಡಿ ಮುಟ್ಟುವ ಮುಂಚೆ ಸಿಗುವ ಊರು ಪುಣಜನೂರು. ಮೊದಲು ಈ ರಸ್ತೆಯ ನಂಬರು 209, ಈಗ 948. ಚೆಕ್‌ಪೋಸ್ಟ್ ದಾಟಿದರೆ ಕಾರಪಳ್ಳಂ, ಹಾಸನೂರು, ಆಮೇಲೆ ದಿಂಬಂ ಘಾಟಿಯ 27 ತಿರುವುಗಳು, ಇಳಿದ ಮೇಲೆ ಬಣ್ಣಾರಿ ಅಮ್ಮನ ಗುಡಿ. ಕಬ್ಬಿನ ಲಾರಿಗೆ ಅಡ್ಡ ನಿಂತು ಜಲ್ಲೆ ಎಳೆದುಕೊಳ್ಳುವ ಆನೆಗಳ ಸುದ್ದಿ ಬರುವುದು ಈ ದಾರಿಯಿಂದಲೇ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಪುಣಜನೂರು ಎಂದರೆ ಬೆಳಗಾಗುವುದನ್ನು ಕಾಯುವ ಜಾಗ ಎಂದೇ ಲಾರಿಯವರಿಗೆ ಪರಿಚಯ.

ನಾನು ಈ ಕಡೆ ಬಂದದ್ದು ಇಲ್ಲಿನ ನೀರು ನೋಡಲು. ತಾಳವಾಡಿ, ದಿಂಬಂ ಕಡೆಯ ಗುಡ್ಡಗಳಲ್ಲಿ ಮಳೆ ಬಿದ್ದರೆ ಆ ನೀರು ಈ ಕಾಡಿನ ಹಳ್ಳಗಳನ್ನು ಹಿಡಿದು ಕೆಳಗಿಳಿಯುತ್ತದೆ. ಕೆಳಗೆ ಅಟ್ಟುಗುಳಿಪುರದ ಬಳಿ ಅದಕ್ಕೆ ಎರಡು ಕಟ್ಟೆಗಳಿವೆ. ಒಂದು ಚಿಕ್ಕಹೊಳೆ, ಇನ್ನೊಂದು ಸುವರ್ಣಾವತಿ. ಜಿಲ್ಲೆಯ ಜನ ಇವನ್ನು ಅವಳಿ ಜಲಾಶಯ ಎನ್ನುತ್ತಾರೆ. ಚಾಮರಾಜನಗರದಿಂದ 15 ಕಿ.ಮೀ. ಆಸುಪಾಸು. ಮುಂದೆ ಸುವರ್ಣಾವತಿ ಯಳಂದೂರು ದಾಟಿ ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಗೆ ಸೇರುತ್ತದೆ. ಘಾಟಿಯ ಆಚೆ ಮಗ್ಗುಲಿಗೆ ಬಿದ್ದ ಮಳೆಯೂ ಮೋಯಾರು, ಭವಾನಿ ಸುತ್ತಿಕೊಂಡು ಕೊನೆಗೆ ಕಾವೇರಿಯನ್ನೇ ಸೇರುವುದು. ಈ ಸಂಗತಿ ಮುಂದೆ ಬೇಕಾಗುತ್ತದೆ, ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಪುಣಜನೂರು ವಲಯ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಹುಲಿ ಸಂರಕ್ಷಿತ ಪ್ರದೇಶವೆಂಬ ಸ್ಥಾನ ಅದಕ್ಕೆ ಸಿಕ್ಕಿದ್ದು 2011ರಲ್ಲಿ. ಅದರೊಳಗಿನ ಹಳ್ಳ, ಕಟ್ಟೆಗಳಲ್ಲಿ ನಾವು ನೀವು ಹೋಗಿ ಗಾಳ ಹಾಕುವಂತಿಲ್ಲ. ಅಲ್ಲಿನ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ಇರುವ ಸೋಲಿಗರ ವಿಚಾರ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಹಕ್ಕುಗಳ ಪೈಕಿ ಜಲಮೂಲಗಳ ಮೀನನ್ನೂ ಹೆಸರಿಸಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಮಾನ್ಯವಾದದ್ದೂ 2011ರಲ್ಲೇ. ತಲೆಮಾರುಗಳಿಂದ ಆ ನೀರಿನ ಜೊತೆ ಬಾಳಿದವರಿಗೆ ಸಲ್ಲಬೇಕಾದ್ದು ಸಂದಿದೆ. ಹೊರಗಿನಿಂದ ಕಾರಿನಲ್ಲಿ ಗಾಳದ ಕೋಲು ಏರಿಸಿಕೊಂಡು ಬರುವವರು ಆ ಹಕ್ಕಿನ ಮರೆಯಲ್ಲಿ ನಿಲ್ಲಲಾಗದು. ಆದ್ದರಿಂದ ಎರೆ ಹಿಡಿಯುವುದನ್ನು ನೋಡಲು ನಾನು ಕಾಡು ಬಿಟ್ಟು, ಕೋಳಿಪಾಳ್ಯದ ದಾರಿಯಲ್ಲಿ ಕೆಳಗಿಳಿದು, ಜಲಾಶಯದ ಹಿನ್ನೀರಿನ ಅಂಚಿಗೆ ಬಂದೆ.

ಇಲ್ಲಿ ಮುಂಗಾರಿನಷ್ಟೇ, ಕೆಲವು ವರ್ಷ ಅದಕ್ಕಿಂತ ಹೆಚ್ಚಾಗಿ, ಹಿಂಗಾರನ್ನು ನಂಬುತ್ತಾರೆ. ಅಕ್ಟೋಬರ್ ಮಳೆ ಹೊಯ್ದು ನೀರು ಏರಿದಾಗ ಅಂಚಿನ ಜಾಲಿ, ಹುಲ್ಲು ಮುಳುಗುತ್ತವೆ. ಮುಳುಗಿದ ಹುಲ್ಲಿನಲ್ಲಿ ಹುಳು ಹುಪ್ಪಟೆ ತೇಲುತ್ತದೆ, ಅದನ್ನು ತಿನ್ನಲು ಸಣ್ಣ ಮೀನು ಅಂಚಿಗೆ ಬರುತ್ತದೆ, ಸಣ್ಣ ಮೀನಿನ ಹಿಂದೆ ಕೊರವ ಬರುತ್ತದೆ. ಗಾಳದವನ ಕೆಲಸವೆಲ್ಲ ಈ ಸಾಲಿನ ನಡುವೆ ಕೈ ಹಾಕುವುದು. ಬೆಳಗಿನ ಜಾವ ಇನ್ನೂ ಮಂಜು ಇರುವಾಗಲೇ ಒಬ್ಬ ಹಿರಿಯರು ಮೊಮ್ಮಗನ ಜೊತೆ ಅಂಚಿನಲ್ಲಿ ಬಗ್ಗಿದ್ದರು. ಅವರದು ತೆಪ್ಪದ ಕಸುಬು. ಜಲಾಶಯದಲ್ಲಿ ಬಲೆ ಬಿಡಲು ಲೈಸೆನ್ಸ್ ಉಂಟು. ಬಲೆಗೆ ಬಾರದ ಕೊರವ, ಮುರುಗೋಡುಗಳಿಗಾಗಿ ಗಾಳ ಕಟ್ಟುತ್ತಾರೆ.

“ಗಾಳ ಯಾರ್ ಬೇಕಾದ್ರೂ ಹಾಕ್ತಾರೆ ಸಾ. ಎರೆ ಹಿಡ್ಯಾದು ನೋಡಿ, ಅಲ್ಲದೆ ಕೆಲ್ಸ” ಎಂದರು ಅವರು. ಆ ಬೆಳಗು ಪೂರ್ತಿ ನೋಡಿದ ಮೇಲೆ ನನಗೂ ಅದೇ ಖಚಿತವಾಯಿತು. ಎರೆ ಹಿಡಿಯುವವನಿಗೆ ಆ ನೀರಿನಲ್ಲಿ ಯಾರು ಯಾರನ್ನು ತಿಂದು ಬದುಕುತ್ತಿದ್ದಾರೆಂಬುದು ತಿಳಿದಿರುತ್ತದೆ. ಅಂಗಡಿಯಿಂದ ಪ್ಲಾಸ್ಟಿಕ್ ಮೀನು ತಂದು ಎಸೆಯುವವನಿಗೆ ಅದು ತಿಳಿಯುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಎರೆ ಎರೆಹುಳು. ಅದರಲ್ಲೂ ಎರಡು ಜಾತಿ ನೋಡಿಕೊಳ್ಳುತ್ತಾರೆ. ತಿಪ್ಪೆಯ ಅಡಿಯಲ್ಲಿ, ಕೊಳೆತ ಸಗಣಿಯಲ್ಲಿ ಸಿಗುವ ಕೆಂಪು ಸಣ್ಣ ಹುಳು ಚುರುಕಾಗಿ ಹೊರಳುತ್ತದೆ, ಗಿರ್ಲು, ಪಕ್ಕೆಯಂಥ ಸಣ್ಣ ಬಾಯಿಗೆ ಅದು. ಬಚ್ಚಲ ನೀರು ಹರಿಯುವ ಕಡೆ, ಬಾಳೆ ಬುಡದಲ್ಲಿ ಅಗೆದರೆ ಸಿಗುವ ಬೂದುಬಣ್ಣದ ದಪ್ಪ ಹುಳು ಮುರುಗೋಡಿಗೆ. ಮುರುಗೋಡು ಕಣ್ಣಿಗಿಂತ ಮೀಸೆಯನ್ನು ನಂಬುವ ಮೀನು. ರಾಡಿ ನೀರಿನಲ್ಲೂ ವಾಸನೆ ಹಿಡಿದು ಬರುತ್ತದೆ. ಹುಳುವನ್ನು ತೆಂಗಿನ ಚಿಪ್ಪಿನಲ್ಲಿ ಅದರದೇ ಮಣ್ಣಿನ ಜೊತೆ ಹಾಕಿ ಮೇಲೆ ಒದ್ದೆ ಗೋಣಿಚೀಲದ ತುಂಡು ಮುಚ್ಚಿಡುತ್ತಾರೆ. ತಗಡಿನ ಡಬ್ಬಿ ಬಿಸಿಲಿಗೆ ಕಾದು ಹುಳು ಸತ್ತು ನಾರುತ್ತದೆ. ನೀರು ಸುರಿದರೂ ಕೆಡುತ್ತದೆ.

ಮೊದಲ ಮಳೆಯ ಸಂಜೆ ಹುತ್ತದಿಂದ ಈಚಲು ಎದ್ದಾಗ ಮಾತ್ರ ಎರೆಹುಳುವನ್ನು ಯಾರೂ ಕೇಳುವುದಿಲ್ಲ. ಅಂದು ಎಲ್ಲ ಮೀನೂ ಮೇಲ್ಮುಖ.

ಎರಡನೆಯದು ಜೀವಂತ ಮೀನು. ಇದಕ್ಕೆ ಅವರು ಬಳಸಿದ್ದು ಹಳೆಯ ಸೊಳ್ಳೆ ಪರದೆಯ ತುಂಡು ಮತ್ತು ಒಂದು ಹಿಡಿ ಅಕ್ಕಿ ತೌಡು. ಮೊಣಕಾಲುದ್ದದ ನೀರಿನಲ್ಲಿ ಪರದೆಯನ್ನು ಅಡಿಗೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ನಡುವೆ ತೌಡು ಉದುರಿಸಿ ಸುಮ್ಮನೆ ನಿಂತರು. ತೌಡು ನೀರಿನಲ್ಲಿ ಬಿಳಿಯಾಗಿ ಹರಡಿತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ನೀರಿನೊಳಗೆ ಬೆಳ್ಳಗೆ ಮಿನುಗಿದ್ದು ಒಂದು ಮಗ್ಗುಲು, ಇನ್ನೊಂದು, ನೋಡನೋಡುತ್ತ ಅಲ್ಲಿ ಪಕ್ಕೆಗಳ ಗುಂಪು. ಮೊಮ್ಮಗ ಕೈ ಹಾಕಲು ಹೋದ. “ತಡಿ ಮೊಗ, ಇನ್ನೂ ಬತ್ತವೆ” ಎಂದು ತಾತ ಕಣ್ಣಲ್ಲೇ ತಡೆದರು. ಕೊನೆಗೆ ಇಬ್ಬರೂ ಒಟ್ಟಿಗೆ ಮೂಲೆ ಹಿಡಿದು ಮೇಲೆತ್ತಿದಾಗ ಪರದೆಯ ಗುಂಡಿಯಲ್ಲಿ ಬೆರಳುದ್ದದ ಮೀನುಗಳು ಪಟಪಟ ಬಡಿಯುತ್ತಿದ್ದವು.

ಆಮೇಲೆ ನಡೆದದ್ದನ್ನು ನಾನು ಹತ್ತಿರದಿಂದ ನೋಡಿದೆ. ಅವರು ಪರದೆಯನ್ನು ಪೂರ್ತಿ ಎತ್ತದೆ, ತಳ ನೀರಿನಲ್ಲೇ ಇರುವಂತೆ ಹಿಡಿದು, ಮೀನನ್ನು ಆರಿಸಿದರು. ಕೈ ಮೊದಲೇ ಒದ್ದೆ ಮಾಡಿಕೊಂಡಿದ್ದರು. ಒಣಗಿದ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಅಂಥ ಮೀನು ಹೆಚ್ಚು ಹೊತ್ತು ಬದುಕದು. ತಲೆ ದೊಡ್ಡದಾಗಿ, ಬಾಯಿ ಮೇಲೆ ತಿರುಗಿದ್ದ ಒಂದು ಮರಿಯನ್ನು ಎತ್ತಿ ಹೊರಗೆ ಬಿಟ್ಟರು. ಅದು ಕಾಟ್ಲಾ ಮರಿ. “ಇದು ಬೆಳ್ದ್ರೆ ಐದಾರ್ ಕೆಜಿ ಆಯ್ತದೆ, ಇದ್ನ ಯಾಕ್ ಚುಚ್ಚಾದು?” ಬೆರಳುದ್ದದ ಒಂದು ಪಕ್ಕೆಯ ಹೊಟ್ಟೆ ಉಬ್ಬಿತ್ತು, ಮೊಟ್ಟೆ ತುಂಬಿಕೊಂಡಿತ್ತು. ನೋಡಲು ಮರಿಯಂತಿದ್ದರೂ ಅದು ಪೂರ್ತಿ ಬೆಳೆದ ಮೀನು. ಅದನ್ನೂ ಬಿಟ್ಟರು. ಅವರು ಇಟ್ಟುಕೊಂಡವುಗಳಲ್ಲಿ ಹೆಚ್ಚಿನವು ಜಿಲೇಬಿ ಮರಿಗಳು.

ಆ ಆಯ್ಕೆಯನ್ನು ನಾನು ಮೆಚ್ಚಿದೆ. ಜಿಲೇಬಿ ಎಂದು ನಾವು ಕರೆಯುವ ತಿಲಾಪಿಯಾ ಈ ನೆಲದ್ದಲ್ಲ. ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿ ಮರಿಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ, ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಇದು ತುಂಬಿಕೊಂಡ ಕೆರೆಯಲ್ಲಿ ಬೇರೆ ಮೀನಿಗೆ ಜಾಗ ಕಡಿಮೆ. ಎರೆಗೆ ಯಾವುದಾದರೂ ಮರಿ ಬೇಕೇ ಬೇಕೆಂದರೆ ಅದೇ ನೀರಿನ ಜಿಲೇಬಿಯನ್ನು ಬಳಸುವುದು ಒಳ್ಳೆಯದು.

ಗಾಳ, ಎರೆ ಎಂದರೆ ಹೊತ್ತು ಕಳೆಯಲಾರದವರ ಕೆಲಸ ಎಂದು ಹಗುರವಾಗಿ ನೋಡುವವರಿದ್ದಾರೆ. ನಮ್ಮ ನಾಡಿನಲ್ಲಿ ಒಬ್ಬ ದೊರೆ ಇದನ್ನು ಶಾಸ್ತ್ರವೆಂದು ಎಣಿಸಿ ಬರೆಸಿದ್ದ. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ 12ನೇ ಶತಮಾನದ ಮೊದಲ ಭಾಗದ ಸಂಸ್ಕೃತ ಗ್ರಂಥ. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ. ಹೊಳೆಯ ಮೀನು, ಕಡಲ ಮೀನುಗಳ ವಿಂಗಡಣೆ, ಯಾವುದಕ್ಕೆ ಯಾವ ಆಹಾರ, ಗಾಳದ ದಾರ, ಕೋಲು, ಎಲ್ಲವೂ ಅಲ್ಲಿವೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಆ ಅಧ್ಯಾಯದ ಮೇಲೆ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹೊಳೆಗೆ ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿ ಬಳಿಯುವುದು, ಇವುಗಳ ವಿರುದ್ಧ ಅವನು ಆಗಲೇ ದನಿ ಎತ್ತಿದ್ದ. ಸಿಡಿಮದ್ದು, ವಿಷಗಳಿಂದ ಮೀನು ಕೊಲ್ಲುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ. ಅಟ್ಟುಗುಳಿಪುರದ ಹಿರಿಯರು ಕಾಟ್ಲಾ ಮರಿಯನ್ನು ನೀರಿಗೆ ಬಿಟ್ಟಾಗ ಈ ಹೆಸರುಗಳೆಲ್ಲ ನನಗೆ ನೆನಪಾದವು.

ಹಿಡಿದದ್ದಾಯಿತು, ಬದುಕಿಸಿಡುವುದು ಹೇಗೆ? ಹೊಸಬರು ಸೋಲುವುದು ಇಲ್ಲೇ. ಬಕೆಟ್ ತುಂಬ ಮೀನು ತುಂಬುತ್ತಾರೆ, ಬಿಸಿಲಿಗೆ ಇಡುತ್ತಾರೆ, ಅರ್ಧ ಗಂಟೆಯಲ್ಲಿ ಎಲ್ಲವೂ ಹೊಟ್ಟೆ ಮೇಲಾಗುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ಅದೇ ಹೊತ್ತಿಗೆ ಮೀನಿನ ಉಸಿರಾಟ ಜೋರಾಗಿ ಅದಕ್ಕೆ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಅವರ ಬಕೆಟ್ಟಿನಲ್ಲಿ ಮೀನು ಕಡಿಮೆ, ನೀರು ಹೆಚ್ಚು. ಮೇಲೆ ಒದ್ದೆ ಟವೆಲ್. ಆಗಾಗ ಒಂದು ಚೊಂಬು ಹಳೇ ನೀರು ಚೆಲ್ಲಿ, ಒಂದು ಚೊಂಬು ಹೊಸ ನೀರನ್ನು ಎತ್ತರದಿಂದ ಸುರಿಯುತ್ತಾರೆ. ಸುರಿಯುವಾಗ ಗಾಳಿ ಬೆರೆಯುತ್ತದೆ. ನಲ್ಲಿ ನೀರು ಮಾತ್ರ ಮುಟ್ಟಿಸುವುದಿಲ್ಲ. ಅದರಲ್ಲಿರುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ.

ಉಪ್ಪುನೀರಿನಲ್ಲಿ ಈ ಕೆಲಸ ಇನ್ನೂ ಕಷ್ಟ. ಅಷ್ಟೇ ಬಿಸಿಯ ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಆದರೂ ಜೀವಂತ ಎರೆಯನ್ನು ಬದುಕಿನ ಕಸುಬಾಗಿಯೇ ನಡೆಸಿಕೊಂಡು ಬಂದವರು ನಮ್ಮ ಪಡುಗಡಲಿನಲ್ಲಿದ್ದಾರೆ, ಲಕ್ಷದ್ವೀಪದ ಮಿನಿಕಾಯ್ ದ್ವೀಪದವರು. ಅವರು ಹಿಡಿಯುವುದು ಟ್ಯೂನಾ. ಅದಕ್ಕೆ ಮುಂಚೆ ದ್ವೀಪದ ಒಳಗಡಲಿನ ತಿಳಿನೀರಿನಲ್ಲಿ ಹವಳದ ದಿಬ್ಬಗಳ ಬಳಿ ಬಲೆ ಇಳಿಸಿ ಬೆರಳುದ್ದದ ಬೆಳ್ಳಿಮೀನುಗಳನ್ನು ಎತ್ತುತ್ತಾರೆ. ದೋಣಿಯ ಹೊಟ್ಟೆಯಲ್ಲೇ ಎರೆಯ ತೊಟ್ಟಿ ಇರುತ್ತದೆ. ಅದರ ತಳದಲ್ಲಿ ತೂತುಗಳು. ಬಿರಡೆ ತೆಗೆದರೆ ಕಡಲ ನೀರು ಒಳಗೆ ನುಗ್ಗಿ ಬರುತ್ತಿರುತ್ತದೆ, ಹಳೆಯ ನೀರು ಹೊರಗೆ ಹೋಗುತ್ತಿರುತ್ತದೆ, ಎರೆ ಜೀವಂತವಾಗಿ ಉಳಿಯುತ್ತದೆ. ಟ್ಯೂನಾದ ಹಿಂಡು ಸಿಕ್ಕ ಕೂಡಲೇ ಒಬ್ಬ ಹಿಡಿ ಹಿಡಿಯಾಗಿ ಜೀವಂತ ಮೀನು ಎರಚುತ್ತಾನೆ. ಜೊತೆಗೆ ನೀರನ್ನೂ ಎರಚುತ್ತಾರೆ, ನೀರಿನ ಮೇಲೆ ಸಣ್ಣ ಮೀನಿನ ದೊಡ್ಡ ಗುಂಪು ಚಿಮ್ಮುತ್ತಿದೆ ಎಂದು ಟ್ಯೂನಾ ನಂಬುವಂತೆ. ಉಳಿದವರು ಮುಳ್ಳಿಲ್ಲದ ಕೊಕ್ಕೆಯ ಗಾಳ ಹಿಡಿದು ಒಂದರ ಹಿಂದೊಂದು ಮೀನನ್ನು ಹಿಂದಕ್ಕೆ ಎಸೆಯುತ್ತಾರೆ. ಕೊಕ್ಕೆಗೆ ಮುಳ್ಳಿಲ್ಲದ್ದರಿಂದ ಮೀನು ದೋಣಿಯೊಳಗೆ ತಾನಾಗಿ ಕಳಚಿ ಬೀಳುತ್ತದೆ. ಈ ವಿಧಾನದಲ್ಲಿ ಬೇಡದ ಜೀವಿಗಳು ಸಿಕ್ಕಿ ಸಾಯುವುದು ತೀರಾ ಕಡಿಮೆ. ಆದರೆ ಎಲ್ಲವೂ ನಿಂತಿರುವುದು ಆ ಬೆರಳುದ್ದದ ಮೀನಿನ ಮೇಲೆ. ಒಳಗಡಲು ಕೆಟ್ಟು ಎರೆ ಸಿಗದಿದ್ದರೆ ಅಂದು ಟ್ಯೂನಾದ ದೋಣಿ ಹೊರಡುವುದಿಲ್ಲ.

ಹಿನ್ನೀರಿಗೆ ಮರಳೋಣ. ತೆಪ್ಪ ತಳ್ಳುವ ಮುಂಚೆ ಹಿರಿಯರು ಗಾಳಕ್ಕೆ ಮೀನು ಸಿಕ್ಕಿಸಿದರು. ಬೆನ್ನಿನ ರೆಕ್ಕೆಯ ಹಿಂದೆ, ಚರ್ಮದಡಿಯ ತೆಳು ಮಾಂಸದಲ್ಲಿ ಕೊಕ್ಕೆ ತೂರಿಸುತ್ತಾರೆ. ಬೆನ್ನುಮೂಳೆಗೆ ತಗುಲಬಾರದು. ತಗುಲಿದರೆ ಮೀನು ಸೆಟೆದುಕೊಳ್ಳುತ್ತದೆ, ಸೆಟೆದ ಮೀನನ್ನು ಕೊರವ ಮೂಸುವುದೂ ಇಲ್ಲ. ತೆಪ್ಪ ನಡೆಸುತ್ತ ಗಾಳ ಎಳೆಯುವುದಾದರೆ ಮೇಲ್ದುಟಿಗೆ ಚುಚ್ಚುತ್ತಾರೆ, ಆಗ ಮೀನು ನೆಟ್ಟಗೆ ಈಜುತ್ತದೆ. ತಂಗೂಸಿ ದಾರಕ್ಕೆ ಬೆಂಡು ಕಟ್ಟಿ, ಎರೆ ಮೀನು ಕಳೆಯ ಮೇಲೆ ಒಂದು ಗೇಣಿನಷ್ಟು ತೇಲುವಂತೆ ಅಳತೆ ಹಿಡಿಯುತ್ತಾರೆ. ಕೆಳಗೆ ಬಿಟ್ಟರೆ ಅದು ಕಳೆಯೊಳಗೆ ಅಡಗಿಬಿಡುತ್ತದೆ. ಕೊರವ ನುಂಗುವ ಮುಂಚೆ ಎರೆ ಮೀನಿನ ಈಜು ಬದಲಾಗುತ್ತದೆ, ಬೆಂಡು ಸಣ್ಣಗೆ ನಡುಗುತ್ತದೆ. ಅನುಭವಸ್ಥರ ಕೈ ಆ ನಡುಕಕ್ಕೇ ಎಚ್ಚರಾಗುತ್ತದೆ.

ಕೊರವಕ್ಕೆ ಇನ್ನೊಂದು ಹಳೆಯ ಎರೆ ಕಪ್ಪೆ. ಇದನ್ನು ನಾನು ಒಪ್ಪಲಾರೆ. ನಮ್ಮ ಗೋಂಕರು ಕಪ್ಪೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಕಪ್ಪೆಕಾಲುಗಳ ರಫ್ತನ್ನು 1987ರಲ್ಲಿ ಭಾರತ ನಿಲ್ಲಿಸಿತು. ಗದ್ದೆಯ ಕೀಟ ತಿನ್ನುವ ಜೀವಿಯನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬ ಅರಿವು ಅದರ ಹಿಂದಿತ್ತು. ಕೆಂಪು ಮರಿಗಳ ಗುಂಪಿನ ಕೆಳಗೆ ಕಾವಲಿರುವ ಕೊರವವನ್ನು ಕಪ್ಪೆ ತೋರಿಸಿ ಕೆರಳಿಸಿ ಹಿಡಿಯುವುದಂತೂ ಎರಡು ಪಟ್ಟು ತಪ್ಪು. ತಾಯಿ ತಂದೆ ಹೋದ ಗಳಿಗೆಯಲ್ಲೇ ಆ ನೂರಾರು ಮರಿಗಳನ್ನು ಬೇರೆ ಮೀನುಗಳು ಮುಗಿಸುತ್ತವೆ. ಮರಿಗಳ ಕೆಂಪು ಗುಂಪು ಕಂಡ ಕಡೆಯಿಂದ ಗಾಳ ಎತ್ತಿಕೊಂಡು ಹೋಗುವ ಗಾಳದವರೂ ಈ ಸೀಮೆಯಲ್ಲಿದ್ದಾರೆ, ಅವರಿಗೆ ನನ್ನ ನಮಸ್ಕಾರ.

ಇನ್ನು ಈ ಲೇಖನ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. ಹೊತ್ತು ಏರಿ ಗಾಳ ಸುತ್ತುವಾಗ ಬಕೆಟ್ಟಿನಲ್ಲಿ ಒಂದಷ್ಟು ಎರೆ ಉಳಿದಿರುತ್ತದೆ. ಅದನ್ನು ಏನು ಮಾಡುವುದು? ಹಿರಿಯರು ಹಿಡಿದಲ್ಲೇ ಬಗ್ಗಿಸಿದರು, ಅದೇ ಅಂಚಿನಲ್ಲಿ. ಆದರೆ ಈಗ ಗಾಳದ ಹವ್ಯಾಸ ಊರೂರಿಗೆ ಹಬ್ಬಿದೆ. ಬೆಂಗಳೂರಿನ ಕೆರೆಯಲ್ಲಿ ಹಿಡಿದ ಅಥವಾ ಅಲಂಕಾರ ಮೀನಿನ ಅಂಗಡಿಯಲ್ಲಿ ಕೊಂಡ ಮೀನನ್ನು ಎರೆಯೆಂದು ತಂದು, ಉಳಿದದ್ದನ್ನು ‘ಪಾಪ, ಬದುಕಿಕೊಳ್ಳಲಿ’ ಎಂದು ಕಂಡ ನೀರಿಗೆ ಸುರಿದು ಹೋಗುವವರಿದ್ದಾರೆ. ಕನಿಕರದಿಂದಲೇ ಸುರಿಯುತ್ತಾರೆ, ನಾನು ಅನುಮಾನಿಸುವುದಿಲ್ಲ. ಆದರೆ ಆ ಒಂದು ಬಕೆಟ್ಟಿನ ಪರಿಣಾಮ ದೊಡ್ಡದು. ಹುಳು, ಮೊಟ್ಟೆ, ರೋಗ ಎಲ್ಲವೂ ಆ ನೀರಿನ ಜೊತೆ ಪ್ರಯಾಣ ಮಾಡುತ್ತವೆ.

ಕಾವೇರಿಯೇ ಇದಕ್ಕೆ ಸಾಕ್ಷಿ. ಸೊಳ್ಳೆ ಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ತಂದ ಗ್ಯಾಂಬೂಸಿಯಾ ಇಂದು ದೇಶದ ಎಷ್ಟೋ ಕೆರೆ ಕುಂಟೆಗಳಲ್ಲಿ ನೆಲೆಯಾಗಿ ನಮ್ಮ ಸಣ್ಣ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ, ಆದರೂ ಕೊಳಗಳಿಂದ ತಪ್ಪಿಸಿಕೊಂಡ ಅದು ನಮ್ಮ ಮುರುಗೋಡಿನ ಜಾಗಕ್ಕೆ ಬಂದು ಕೂತಿದೆ. ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಮಹಶೀರ್ ಕಥೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದರು. ಅಂದರೆ 54 ಕಿಲೋಗೂ ಮೇಲು. ಆ ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಒಳ್ಳೆಯ ಉದ್ದೇಶದಿಂದಲೇ, ಬೇರೆ ನದಿಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಕಾವೇರಿ ದಂಡೆಯ ಗಾಲಿಬೋರೆಯ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ತೆಗೆದು ನೋಡಿದಾಗ ಹೊರಗಿನ ಮಹಶೀರ್ ಹೆಚ್ಚುತ್ತ, ಗೂನುಬೆನ್ನಿನದು ಇಳಿಯುತ್ತ ಬಂದದ್ದು ಗೊತ್ತಾಯಿತು. 2018ರಲ್ಲಿ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ನದಿಯನ್ನು ಉಳಿಸಲೆಂದು ತಂದು ಬಿಟ್ಟ ಮೀನೇ ಇಷ್ಟು ಮಾಡಿದರೆ, ಯಾವ ಲೆಕ್ಕಕ್ಕೂ ಸಿಗದೆ ಬಕೆಟ್ಟಿನಿಂದ ಸುರಿದ ಮೀನು ಏನು ಮಾಡಬಹುದು ಎಂದು ಯೋಚಿಸಬೇಕು. ಅಟ್ಟುಗುಳಿಪುರದಲ್ಲಿ ಸುರಿದದ್ದು ಅಟ್ಟುಗುಳಿಪುರದಲ್ಲೇ ಉಳಿಯುವುದಿಲ್ಲ. ಕೋಡಿ ಬಿದ್ದ ವರ್ಷ ಅದು ಯಳಂದೂರು ದಾಟಿ ಕಾವೇರಿಗೆ ಇಳಿಯುತ್ತದೆ.

ಈ ಕಡೆ ಬರುವವರಿಗೆ ಕೆಲವು ಮಾತು. ಬೆಳಿಗ್ಗೆ ಬೇಗ ಬನ್ನಿ, ಆದರೆ ಕತ್ತಲಿರುವಾಗ ಹಿನ್ನೀರಿನ ಅಂಚಿಗೆ ಹೋಗಬೇಡಿ. ಆನೆಗಳು ನೀರಿಗೆ ಬರುವುದು ಅದೇ ಹೊತ್ತಿಗೆ. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಮೂಲಕ ಲೈಸೆನ್ಸ್, ಗುತ್ತಿಗೆ ಪಡೆದವರದು. ಗಾಳ ಬಿಚ್ಚುವ ಮುಂಚೆ ಚಾಮರಾಜನಗರದ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಪುಣಜನೂರು ವಲಯದ ಕಾಡಿನೊಳಗೆ ಗಾಳ ಹೊರಗೇ ತೆಗೆಯಬೇಡಿ. ಎರೆಯನ್ನು ಮನೆಯಿಂದ ತರಬೇಡಿ, ಗಾಳ ಹಾಕುವ ನೀರಿನಲ್ಲೇ ಹಿಡಿಯಿರಿ. ಹಿಡಿಯುವುದು ಬಾರದಿದ್ದರೆ ತೆಪ್ಪದವರನ್ನು ಕೇಳಿ, ಹೇಳಿಕೊಡುತ್ತಾರೆ. ಉಳಿದ ಎರೆಯನ್ನು ಹಿಡಿದ ಜಾಗದಲ್ಲೇ ಬಿಡಿ. ಬೇರೆ ನೀರಿನ ಮೀನು ಬಕೆಟ್ಟಿನಲ್ಲಿದ್ದರೆ ಅದನ್ನು ಒಣನೆಲದಲ್ಲಿ ಹೂತು ಹೋಗಿ, ಸುವರ್ಣಾವತಿಗೂ ಚಿಕ್ಕಹೊಳೆಗೂ ಸುರಿಯಬೇಡಿ.